ಒಂಬತ್ತನೇ ಕ್ಲಾಸು ಯಾವ ಸುದ್ದಿಯಲ್ಲಿದೆ?

2025ರ ಮೇ 2, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಅವತ್ತು ನಮ್ಮಂಥ ಸ್ಟ್ರಿಂಗರ್‌ಗಳ ಫೋನಿಗೆ ಬಿಡುವಿರುವುದಿಲ್ಲ. ಡೆಸ್ಕಿನಿಂದ ಪ್ರತಿ ವರ್ಷ ಬರುವ ಪ್ರಶ್ನೆಗಳು ಅವೇ. ಜಿಲ್ಲೆಗೆ ಎಷ್ಟನೇ ಸ್ಥಾನ? ಹೋದ ವರ್ಷಕ್ಕಿಂತ ಏರಿತಾ, ಇಳಿಯಿತಾ? ಟಾಪರ್ ಯಾರು? ಅಪ್ಪ ಅಮ್ಮ ಪೇಡೆ ತಿನ್ನಿಸುವ ಫೋಟೊ ಎಷ್ಟು ಗಂಟೆಗೆ ಬರುತ್ತದೆ?

ನಾವು ಕಳಿಸುತ್ತೇವೆ. 2024ರಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಕರಾವಳಿ ಮೇಲೆ, ಕಲ್ಯಾಣ ಕರ್ನಾಟಕ ಕೆಳಗೆ. ನಮ್ಮ ರಾಯಚೂರು ಆ ಪಟ್ಟಿಯ ತಳದ ಕಡೆಗೇ ಇರುವುದು ಯಾರಿಗೂ ಹೊಸ ಸುದ್ದಿಯಲ್ಲ. ಮರುದಿನ ಡಿಡಿಪಿಐ ಪ್ರತಿಕ್ರಿಯೆ, ಅದರ ಮರುದಿನ ಸಂಘಟನೆಗಳ ಮನವಿ ಪತ್ರ. ಮೂರನೇ ದಿನಕ್ಕೆ ಶಿಕ್ಷಣ ಎಂಬ ವಿಷಯ ಪುಟದಿಂದ ಇಳಿದು ಹೋಗುತ್ತದೆ. ಮತ್ತೆ ಅದು ಹತ್ತುವುದು ಮುಂದಿನ ಮಾರ್ಚಿಗೆ, ನಕಲು ತಡೆಯ ಸುದ್ದಿಯ ಜೊತೆ.

ಆ ದಿನ ಫಲಿತಾಂಶ ಬಂದದ್ದು 2023ರ ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಕಾಲಿಟ್ಟ ಮಕ್ಕಳದ್ದು. ಅವರ ಆ ಒಂಬತ್ತನೇ ವರ್ಷದ ಬಗ್ಗೆ ನಾವು ಎಷ್ಟು ಬರೆದಿದ್ದೇವೆ ಅಂತ ನಮ್ಮ ಹಳೆಯ ಮೇಲ್‌ಗಳನ್ನು ತೆಗೆದು ನೋಡಿದೆವು. ಬೋರ್ಡ್ ಪರೀಕ್ಷೆಯ ಗೊಂದಲ ಬಿಟ್ಟರೆ ಒಂದೂ ಇಲ್ಲ. ಹತ್ತನೇ ಕ್ಲಾಸಿಗೆ ಫಲಿತಾಂಶ ಉಂಟು, ಒಂದನೇ ಕ್ಲಾಸಿಗೆ ಜೂನ್‌ನಲ್ಲಿ ಹೂ ಕೊಟ್ಟು ಸ್ವಾಗತಿಸುವ ಫೋಟೊ ಉಂಟು. ಎಂಟು, ಒಂಬತ್ತು ಅಂದರೆ ಬರೇ ದಾರಿಯ ಊರುಗಳು, ಬಸ್ಸು ನಿಲ್ಲುವುದಿಲ್ಲ.

ಆದರೆ ನಮ್ಮ ಕಡೆ ಮಕ್ಕಳು ಇಳಿದು ಹೋಗುವುದು ಅಲ್ಲಿಯೇ.

ಆ ವರ್ಷವನ್ನು ಈಗಲಾದರೂ ಒಮ್ಮೆ ಹಿಂತಿರುಗಿ ನೋಡೋಣ. ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಹೈಸ್ಕೂಲು ಅಂದುಕೊಳ್ಳಿ. ಹೆಸರು ಹೇಳುವುದಿಲ್ಲ, ಯಾಕೆಂದರೆ ನೋಟಿಸು ಹೋಗುವುದು ಹೆಡ್‌ಮಾಸ್ಟರಿಗೆ, ವ್ಯವಸ್ಥೆಗಲ್ಲ. ಸುತ್ತಲಿನ ಐದಾರು ಹಳ್ಳಿ, ಎರಡು ತಾಂಡಾಗಳ ಮಕ್ಕಳು ಏಳನೇ ತರಗತಿವರೆಗೆ ತಮ್ಮೂರಲ್ಲೇ ಓದಿ, ಎಂಟಕ್ಕೆ ಇಲ್ಲಿಗೆ ಬರುತ್ತಾರೆ. ಇವರು ಐದನೇ ಕ್ಲಾಸು ಮುಗಿಸುವ ಹೊತ್ತಿಗೆ ಕೊರೊನಾ ಬಂದು ಶಾಲೆ ಮುಚ್ಚಿತ್ತು. ಆರನೇ ಕ್ಲಾಸು ಅಂದರೆ ಇವರಿಗೆ ನೆನಪಿರುವುದು ಗುಡಿಕಟ್ಟೆಯ ಮೇಲೆ ಕೂತ ವಿದ್ಯಾಗಮ. ಹಾಗಾಗಿ ಒಂಬತ್ತಕ್ಕೆ ಬಂದಾಗ ಕನ್ನಡ ಪಾಠವನ್ನೇ ತಡವರಿಸದೆ ಓದಲು ಆಗದವರು ಪ್ರತಿ ಬೆಂಚಿನಲ್ಲೂ ಇದ್ದರು. ಜೂನ್‌ನಲ್ಲಿ ಸೇತುಬಂಧ ಮಾಡಿದರು. ಎರಡು ವರ್ಷದ ಗುಂಡಿಗೆ ಕೆಲವೇ ದಿನಗಳ ಸೇತುವೆ.

ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಇದು ನಿಜವಾಗಿ ಅನುಕೂಲ ಮಾಡಿದೆ, ಅಲ್ಲಗಳೆಯುವುದಿಲ್ಲ. ಪಾಸಿನ ದುಡ್ಡಿಗಾಗಿ ಅಪ್ಪನ ಮುಂದೆ ನಿಲ್ಲುವುದು ತಪ್ಪಿತು. ಆದರೆ ಬೆಳಿಗ್ಗೆ ಬರುವುದು ಒಂದೇ ಬಸ್ಸು, ಅದೂ ತುಂಬಿಕೊಂಡು ಬಂದರೆ ಸ್ಟೇಜಿನಲ್ಲಿ ನಿಲ್ಲಿಸುವುದಿಲ್ಲ. ಗಂಡುಹುಡುಗರು ಟಂಟಂ ಹಿಂದೆ ಜೋತುಬೀಳುತ್ತಾರೆ. 2006-07ರಿಂದ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. ಕೊರೊನಾ ಬಂದ ಮೇಲೆ ಆ ವಿತರಣೆ ನಿಂತಿತು. ಅಣ್ಣನಿಗೆ ಬಂದ ಸೈಕಲ್ಲು ತಮ್ಮನ ಬ್ಯಾಚಿಗೆ ಬರಲಿಲ್ಲ. ಆ ಹಳೆಯ ಸೈಕಲ್ಲುಗಳು ಈಗ ಹಾಲಿನ ಕ್ಯಾನು ಹೊರುತ್ತಿವೆ.

ಆಗಸ್ಟ್‌ನಲ್ಲಿ ಬಿಸಿಯೂಟದ ಜೊತೆಗಿನ ಮೊಟ್ಟೆ, ಬಾಳೆಹಣ್ಣು ಒಂಬತ್ತು ಹತ್ತಕ್ಕೂ ಬಂತು. ಅಲ್ಲಿಯವರೆಗೆ ಎಂಟರವರೆಗೆ ಮಾತ್ರ ಇತ್ತು. ಒಂಬತ್ತಕ್ಕೆ ಬಂದ ಕೂಡಲೇ ಮಗು ಬೆಳೆಯುವುದು ನಿಲ್ಲುತ್ತದೆ ಎಂದು ಯಾರು ಲೆಕ್ಕ ಹಾಕಿದ್ದರೋ. ಸ್ಥಳೀಯವಾಗಿ ಆ ಕಾರ್ಯಕ್ರಮ ಉದ್ಘಾಟನೆಯಾದಾಗ ನಾವು ಹೋಗಿದ್ದೆವು. ಗಣ್ಯರು ಮೊಟ್ಟೆ ಬಡಿಸುವ ಫೋಟೊ ಕಳಿಸಿದೆವು. ತಟ್ಟೆ ಹಿಡಿದ ಹುಡುಗಿಯ ಮುಖ ಅರ್ಧ ಕತ್ತರಿಸಿ ಹಾಕಿದ್ದರು.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಬರದ ಸುದ್ದಿ ನಾವು ಚೆನ್ನಾಗಿಯೇ ಬರೆದೆವು. ಕಾಲುವೆಯ ಕೊನೆ ಭಾಗಕ್ಕೆ ನೀರಿಲ್ಲ, ಮೇವಿಲ್ಲ, ತಾಂಡಾಗಳಿಂದ ಬೆಂಗಳೂರಿಗೆ ಗುಳೆ. ಬೀಗ ಹಾಕಿದ ಮನೆ, ಜಗಲಿಯ ಮೇಲೆ ಕೂತ ಮುದುಕಿ, ಇದು ಗುಳೆಯ ಕಾಯಂ ಫೋಟೊ. ಆ ಬೀಗದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗ ಎಲ್ಲಿ ಅಂತ ನಾವು ಕೇಳಲಿಲ್ಲ. ಅಪ್ಪ ಅಮ್ಮನ ಜೊತೆ ಹೋಗಿದ್ದರೆ ಬೆಂಗಳೂರಿನ ಯಾವುದೋ ಕಟ್ಟಡದ ಬುಡದಲ್ಲಿ ಇಟ್ಟಿಗೆ ಎತ್ತುತ್ತಿದ್ದ. ಹೋಗದಿದ್ದರೆ ಆ ಮುದುಕಿಯನ್ನು, ಎರಡು ಆಡುಗಳನ್ನು, ಚಿಕ್ಕ ತಂಗಿಯನ್ನು ನೋಡಿಕೊಳ್ಳುವ ಮನೆಯ ಯಜಮಾನ ಅವನೇ.

ದಸರಾ ರಜೆ ಮುಗಿಯುವ ಹೊತ್ತಿಗೆ ಹತ್ತಿ ಒಡೆದಿರುತ್ತದೆ. ನಮ್ಮ ಕಡೆ ಹತ್ತಿ ಬಿಡಿಸುವುದು ಕಿಲೋ ಲೆಕ್ಕ. ಪುಟ್ಟ ಕೈಗಳಿಗೆ ಚುರುಕು ಜಾಸ್ತಿ ಎಂದು ಹೊಲದವರು ಬಹಿರಂಗವಾಗಿಯೇ ಹೇಳುತ್ತಾರೆ. ಹತ್ತಿ ಮುಗಿದರೆ ಮೆಣಸಿನಕಾಯಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚುಗಳು ಖಾಲಿ. ಹಾಜರಿ ಕೂಗುವಾಗ ಗೆಳತಿಯರು ಉತ್ತರ ಕೊಡುತ್ತಾರೆ: "ಹತ್ತಿ ಬಿಡಸಾಕ ಹೋಗ್ಯಾಳ್ರಿ ಸರ್." ಸರ್ ತಲೆ ಎತ್ತುವುದಿಲ್ಲ. ಕೇಳಿ ಕೇಳಿ ಅದು 'ಜ್ವರ ಬಂದೈತ್ರಿ' ಎಂಬಷ್ಟೇ ಸಹಜವಾಗಿದೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

2024ರ ಜನವರಿಯಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದ ಗಾಡಿಯೊಂದು ತಿರುವಿನಲ್ಲಿ ಮಗುಚಿತು. ಸಾವು ಆಗಿರಲಿಲ್ಲ. ನಮ್ಮಲ್ಲೊಬ್ಬರು ತಾಲ್ಲೂಕು ಆಸ್ಪತ್ರೆಗೆ ಹೋಗಿ ಹೆಸರು, ವಯಸ್ಸು ಬರೆದುಕೊಂಡು ಬಂದು ಎಂಟು ಸಾಲಿನ ಸುದ್ದಿ ಕಳಿಸಿದರು. 'ವಾಹನ ಪಲ್ಟಿ: ಕೂಲಿ ಕಾರ್ಮಿಕರಿಗೆ ಗಾಯ.' ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ 15 ಎಂದಿತ್ತು. ನಾವೇ ಟೈಪ್ ಮಾಡಿದ ಅಂಕಿ ಅದು. ಟೈಪ್ ಮಾಡಿ ಮುಂದಿನ ಹೆಸರಿಗೆ ಹೋದೆವು.

ವರ್ಷವಾದ ಮೇಲೆ ಬೇರೇನೋ ಕೆಲಸಕ್ಕೆ ಆ ಹೈಸ್ಕೂಲಿಗೆ ಹೋದಾಗ ಟೀಚರೊಬ್ಬರು ಹೇಳಿದರು, "ಅವತ್ತು ನಿಮ್ಮ ಪೇಪರ್‌ನ್ಯಾಗ ಬಂದಿತ್ತಲ್ರೀ, ಅಕಿ ನಮ್ಮ ಹುಡುಗಿ." ಒಂಬತ್ತನೇ ಕ್ಲಾಸು. ಹಳೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಅಪಘಾತದ ಹಿಂದಿನ ಮೂರು ವಾರವೂ ಗೈರು ಇತ್ತು. ಕೈ ಮುರಿದಿತ್ತು. ಕಟ್ಟು ಬಿಚ್ಚುವ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿತ್ತು, ಬರಲು ನಾಚಿಕೆಯಾಯಿತಂತೆ. ಆ ಬೇಸಿಗೆ ಊರ ಸಾಮೂಹಿಕ ವಿವಾಹದ ಮಾತು ನಡೆಯಿತಂತೆ. ಮುಂದೇನಾಯಿತು ಎಂದು ಕೇಳಿದರೆ ಟೀಚರು, "ಬ್ಯಾರೆ ಊರಿಗೆ ಕಳಿಸ್ಯಾರ" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ನಾವು ಅವಳನ್ನು 'ಕೂಲಿ ಕಾರ್ಮಿಕ' ಎಂದು ಬರೆದಿದ್ದೆವು. 'ಒಂಬತ್ತನೇ ತರಗತಿ ವಿದ್ಯಾರ್ಥಿನಿ' ಎಂದು ಬರೆದಿದ್ದರೆ ಮರುದಿನ ಬಿಇಒ ಫೋನು ಮಾಡುತ್ತಿದ್ದರು, ಮಕ್ಕಳ ರಕ್ಷಣಾ ಘಟಕದವರು ಬರುತ್ತಿದ್ದರು, ಏನೋ ಒಂದು ಆಗುತ್ತಿತ್ತು. ಆಗುತ್ತಲೇ ಇರಲಿಲ್ಲವೇನೋ. ಆದರೆ ಅವಳು ಯಾರು ಎಂದಾದರೂ ದಾಖಲಾಗುತ್ತಿತ್ತು. ಡಿಪ್ಲೊಮಾ ಓದುವಾಗ ಯಾರು, ಏನು, ಎಲ್ಲಿ ಎಂದು ಬಾಯಿಪಾಠ ಮಾಡಿದವರು ನಾವು. ಮೊದಲ ಪ್ರಶ್ನೆಯಲ್ಲೇ ಫೇಲಾದೆವು.

ಮಕ್ಕಳು ಯಾಕೆ ಒಂಬತ್ತರಲ್ಲೇ ಜಾರುತ್ತಾರೆ? ಬಡತನ, ಬರ, ಗುಳೆ ಎಲ್ಲ ನಿಜ. ಆದರೆ ಅವು ಆರನೇ ಕ್ಲಾಸಿನಲ್ಲೂ ಇದ್ದವು. ಒಂಬತ್ತರಲ್ಲಿ ಹೊಸದಾಗಿ ಸೇರುವುದು ಕಾನೂನು.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು ಹೇಳುವುದು 6ರಿಂದ 14 ವರ್ಷ, ಒಂದರಿಂದ ಎಂಟನೇ ತರಗತಿ. ಎಂಟು ಮುಗಿಯಿತೆಂದರೆ ಶಿಕ್ಷಣ ಆ ಮಗುವಿನ ಹಕ್ಕಲ್ಲ, ಅದೃಷ್ಟ. ಇನ್ನೊಂದು ಕಡೆ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ನೋಡಿ. 14ರ ಒಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಮನೆಯವರ ಕಸುಬಿಗೆ ಶಾಲೆ ಬಿಟ್ಟ ಮೇಲೆ ಕೈಜೋಡಿಸುವುದು ಬೇರೆ. 14ರಿಂದ 18ರವರಿಗೆ ನಿಷೇಧ ಇರುವುದು ಗಣಿ, ಸ್ಫೋಟಕದಂಥ ಅಪಾಯದ ಕೆಲಸಗಳಿಗೆ ಮಾತ್ರ. ಹತ್ತಿ ಹೊಲದಲ್ಲಿ ಬಾಗಿ ನಿಂತ ಹದಿನೈದರ ಹುಡುಗಿ ಆ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹದಿನಾಲ್ಕು ತುಂಬಿದ ದಿನ ಶಾಲೆಯ ಕಾನೂನು ಕೈ ಬಿಡುತ್ತದೆ, ಕೂಲಿಯ ಕಾನೂನು ಬಾಗಿಲು ತೆರೆಯುತ್ತದೆ. ಆ ಹುಟ್ಟುಹಬ್ಬ ಬರುವುದು ಹೆಚ್ಚುಕಡಿಮೆ ಒಂಬತ್ತನೇ ಕ್ಲಾಸಿನ ಸುತ್ತಮುತ್ತಲೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 18 ವರ್ಷದವರೆಗೆ ಎಲ್ಲರಿಗೂ ಶಿಕ್ಷಣ ಎಂದು ಬರೆದುಕೊಂಡಿದೆ. ನೀತಿಯ ಮಾತು ಕಾಯ್ದೆಗೆ ಇನ್ನೂ ಇಳಿದಿಲ್ಲ.

ಹಾಗಂತ ಆ ವರ್ಷ ಬರೀ ಕಣ್ಣೀರಿನದ್ದಾಗಿತ್ತು ಎಂದರೆ ಸುಳ್ಳಾಗುತ್ತದೆ. ಒಂಬತ್ತನೇ ಕ್ಲಾಸು ಹೈಸ್ಕೂಲಿನ ಬೆನ್ನೆಲುಬು. ಎಂಟರವರು ಹೊಸಬರು, ಹತ್ತರವರು ಸ್ಪೆಷಲ್ ಕ್ಲಾಸಿನಲ್ಲಿ ಬಂದಿ. ಹಾಗಾಗಿ ಪ್ರತಿಭಾ ಕಾರಂಜಿಗೆ ಕುರ್ಚಿ ಹೊರುವವರು ಒಂಬತ್ತರವರು, ತಾಲ್ಲೂಕು ಕ್ರೀಡಾಕೂಟಕ್ಕೆ ಖೊಖೊ ತಂಡ ಅವರದ್ದು, ಆಗಸ್ಟ್ 15ಕ್ಕೆ ಮೈದಾನಕ್ಕೆ ಸುಣ್ಣದ ಗೆರೆ ಹಾಕುವವರೂ ಅವರೇ. ಎಂಟರಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸಾದ ಹುಡುಗನೊಬ್ಬ ಅಲ್ಲಿದ್ದ. ಅದು ಪಾಸಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ತಿಂಗಳಿಗೆ ಸಾವಿರ. ಆ ಸಾವಿರ ತನ್ನ ಹೆಸರಿನ ಖಾತೆಗೆ ಬರುತ್ತದೆ ಎಂಬ ಕಾರಣಕ್ಕೇ ಅವನ ಅಪ್ಪ ಗುಳೆ ಹೋಗುವಾಗ ಅವನನ್ನು ಹಾಸ್ಟೆಲಿಗೆ ಬಿಟ್ಟು ಹೋದ. ಸಾವಿರ ರೂಪಾಯಿಗೆ ಒಂದು ಮಗುವನ್ನು ಶಾಲೆಯಲ್ಲಿ ಉಳಿಸುವ ಶಕ್ತಿ ಇದೆ ಎಂದು ನಮಗೆ ತಿಳಿದದ್ದು ಆಗ. ಈ ವೇತನ ಇಡೀ ದೇಶದಲ್ಲಿ ವರ್ಷಕ್ಕೆ ಹೊಸದಾಗಿ ಸಿಗುವುದು ಒಂದು ಲಕ್ಷ ಮಕ್ಕಳಿಗೆ ಮಾತ್ರ.

ಫೆಬ್ರುವರಿಯಲ್ಲಿ ಹತ್ತರವರಿಗೆ ಬೀಳ್ಕೊಡುಗೆ. ಖರ್ಚು, ಬಣ್ಣದ ಕಾಗದ, ಉಪ್ಪಿಟ್ಟು, ಕೇಸರಿಬಾತು, ಭಾಷಣ ಎಲ್ಲ ಒಂಬತ್ತರವರ ಜವಾಬ್ದಾರಿ. ತಲಾ ಐವತ್ತು ರೂಪಾಯಿ ಎತ್ತುತ್ತಾರೆ. ಹೊಲಕ್ಕೆ ಹೋದವರೂ ಅವತ್ತು ಕೂಲಿ ದುಡ್ಡಿನಲ್ಲಿ ಐವತ್ತು ಕೊಟ್ಟು ಹೊಸ ಬಟ್ಟೆ ಹಾಕಿಕೊಂಡು ಬರುತ್ತಾರೆ. ಮುಂದಿನ ವರ್ಷ ತಮಗೂ ಹೀಗೇ ಬೀಳ್ಕೊಡುತ್ತಾರೆ ಎಂದು ಅಂದುಕೊಂಡೇ ಬರುತ್ತಾರೆ.

ಮಾರ್ಚ್‌ನಲ್ಲಿ ಮಾತ್ರ ಒಂಬತ್ತನೇ ಕ್ಲಾಸು ಎಲ್ಲ ಪೇಪರಿನಲ್ಲೂ ಬಂತು. ಆ ವರ್ಷ ಸರ್ಕಾರ 5, 8, 9ನೇ ತರಗತಿ ಮತ್ತು ಪ್ರಥಮ ಪಿಯುಸಿಗೆ ಬೋರ್ಡ್ ಮಟ್ಟದ ಪರೀಕ್ಷೆ ಎಂದಿತ್ತು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಅವಕಾಶ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. 22ಕ್ಕೆ ಹೈಕೋರ್ಟ್ ಮತ್ತೆ ಒಪ್ಪಿ, ಉಳಿದ ಪರೀಕ್ಷೆಗಳು ನಡೆದವು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಪರೀಕ್ಷೆ ಬರೆದ ಮಗುವಿಗೆ ತಾನು ಪಾಸೋ ಫೇಲೋ ಎಂದು ಹೇಳುವವರೇ ಇಲ್ಲ. ಆಗ ನಾವು ಬರೆದದ್ದು ಕೋರ್ಟಿನ ಸುದ್ದಿ, ಸಚಿವರ ಸುದ್ದಿ, ಖಾಸಗಿ ಶಾಲೆಗಳ ಸಂಘದ ಸುದ್ದಿ. ಹತ್ತಿ ಹೊಲದಿಂದ ಪರೀಕ್ಷೆಗೆಂದು ಕೂಲಿ ಬಿಟ್ಟು ಬಂದು, ಪರೀಕ್ಷೆ ಇಲ್ಲವೆಂದು ತಿರುಗಿ ಹೋದ ಮಕ್ಕಳ ಸುದ್ದಿ ಅಲ್ಲ. ಅವರಲ್ಲಿ ಎಷ್ಟು ಮಂದಿ ಎರಡನೇ ಸಲ ಕರೆದಾಗ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಬೇಸಿಗೆ. ಕೆಲವು ಕಡೆ ಒಂದು ಮಾತು ಮೆಲ್ಲಗೆ ನಡೆಯುತ್ತದೆ. ಓದಿನಲ್ಲಿ ಹಿಂದಿರುವ ಮಗುವಿನ ಅಪ್ಪನನ್ನು ಕರೆಸಿ, "ಹತ್ತನೇತ್ತ ಇವನಿಗೆ ಕಷ್ಟ ಆಗ್ತದ, ಟಿಸಿ ತಗೊಂಡ್ ಹೋಗ್ರಿ, ಮುಂದ ಪ್ರೈವೇಟ್ ಕಟ್ಟಿಸಬಹುದು" ಅನ್ನುವುದು. ಎಲ್ಲ ಶಾಲೆಯಲ್ಲೂ ಹೀಗೆ ಎನ್ನುವುದಿಲ್ಲ. ಮನೆಮನೆಗೆ ಬೈಕಿನಲ್ಲಿ ಹೋಗಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಬರುವ ಶಿಕ್ಷಕರನ್ನೂ ನೋಡಿದ್ದೇವೆ. ಆದರೆ ಹಾಗೆ ಹೇಳುವವರನ್ನೂ ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ. ಫಲಿತಾಂಶ ಕಡಿಮೆ ಬಂದ ಶಾಲೆಗೆ ನೋಟಿಸು, ಸಭೆಯಲ್ಲಿ ಎದ್ದು ನಿಲ್ಲಿಸಿ ಬೈಗುಳ. ಫಲಿತಾಂಶ ಏರಿಸಲು ಎರಡು ದಾರಿ. ಒಂದು, ಮಕ್ಕಳಿಗೆ ಕಲಿಸುವುದು. ಇನ್ನೊಂದು, ಕಲಿಯದ ಮಕ್ಕಳನ್ನು ಲೆಕ್ಕದಿಂದ ಕಳೆಯುವುದು. ಗಣಿತಕ್ಕೆ ಶಿಕ್ಷಕರೇ ಇಲ್ಲದ, ಅತಿಥಿ ಶಿಕ್ಷಕರು ತಡವಾಗಿ ಬರುವ ಶಾಲೆಯಲ್ಲಿ ಯಾವ ದಾರಿ ಸಲೀಸು?

ನಾವು ಹೇಳಬೇಕಾದ ಮಾತು ಇಷ್ಟೇ. ಶೇಕಡಾವಾರು ಫಲಿತಾಂಶ ಎಂಬ ಅಂಕಿ ಅರ್ಧ ಸುಳ್ಳು, ಆ ಅರ್ಧ ಸುಳ್ಳಿಗೆ ಪ್ರತಿ ಮೇ ತಿಂಗಳು ದೊಡ್ಡ ಅಕ್ಷರ ಕೊಡುವವರು ನಾವು.

ಲೆಕ್ಕ ಸರಳ. ಒಂದು ಹೈಸ್ಕೂಲಿನ ಎಂಟನೇ ತರಗತಿಗೆ 100 ಮಕ್ಕಳು ಸೇರಿದರು ಅಂದುಕೊಳ್ಳಿ. ಹತ್ತನೇ ಪರೀಕ್ಷೆಗೆ ಕೂತವರು 80. ಪಾಸಾದವರು 60. ಬೋರ್ಡಿನ ಲೆಕ್ಕದಲ್ಲಿ ಶೇ 75 ಫಲಿತಾಂಶ, ಹೆಡ್‌ಮಾಸ್ಟರಿಗೆ ಶಾಲು. ಊರಿನ ಲೆಕ್ಕದಲ್ಲಿ ನೂರಕ್ಕೆ ಅರವತ್ತು. ನಡುವೆ ಹೋದ ಇಪ್ಪತ್ತು ಮಕ್ಕಳು ಯಾವ ಕಡೆಗೂ ಇಲ್ಲ. ಅವರು ಪಾಸಲ್ಲ, ಫೇಲೂ ಅಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು, ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿದಾಗ ಎಲ್ಲರೂ ಹೌಹಾರಿದರು. ಕ್ಯಾಮೆರಾ ಹಾಕಿದ್ದಕ್ಕೆ ಅಷ್ಟಾದರೂ ಬಯಲಾಯಿತು. ಪರೀಕ್ಷಾ ಕೊಠಡಿಗೇ ಬಾರದ ಮಕ್ಕಳ ಮೇಲೆ ಯಾವ ಕ್ಯಾಮೆರಾ ಇದೆ?

'ಎಲ್ಲರೂ ಶಾಲೆ ಬಿಟ್ಟವರಲ್ಲ, ಕೆಲವರು ವಸತಿ ಶಾಲೆಗೆ, ಖಾಸಗಿಗೆ ಹೋಗಿರುತ್ತಾರೆ' ಎಂದು ಅಧಿಕಾರಿಗಳು ಹೇಳುತ್ತಾರೆ. ಸರಿ. ಆದರೆ ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ ಇದೆ. ಯಾವ ಮಗು ಎಲ್ಲಿ ಹೋಗಿ ಸೇರಿತು, ಎಲ್ಲಿಯೂ ಸೇರಲಿಲ್ಲ ಎಂಬುದು ಇಲಾಖೆಯ ಕಂಪ್ಯೂಟರಿನಲ್ಲೇ ಸಿಗಬೇಕಾದ ಮಾಹಿತಿ. ಹೊಸ ಸಮೀಕ್ಷೆ ಬೇಡ, ಹೊಸ ಯೋಜನೆ ಬೇಡ. ಫಲಿತಾಂಶದ ದಿನ ಇನ್ನೊಂದು ಸಾಲು ಸೇರಿಸಿದರೆ ಸಾಕು. ಮೂರು ವರ್ಷದ ಹಿಂದೆ ಎಂಟಕ್ಕೆ ಸೇರಿದವರು ಇಷ್ಟು, ಇವತ್ತು ಪಾಸಾದವರು ಇಷ್ಟು, ಎಲ್ಲಿದ್ದಾರೆಂದು ಗೊತ್ತಿಲ್ಲದವರು ಇಷ್ಟು. ಶಾಲೆಯ ಸೂಚನಾ ಫಲಕದಲ್ಲೂ ಅದೇ ಸಾಲು. ಶಾಲು ಹೊದಿಸುವುದಾದರೆ ಆ ಸಾಲು ನೋಡಿ ಹೊದಿಸಲಿ.

ಆ ಅಂಕಿ ಬಂದರೆ ಹೊಲಕ್ಕೆ ಹೋದ ಮಗು ತಾನಾಗಿ ಬೆಂಚಿಗೆ ಬರುವುದಿಲ್ಲ ಎಂದು ನಮಗೂ ಗೊತ್ತು. ಅದಕ್ಕೆ ಹದಿನೆಂಟರವರೆಗೆ ಶಿಕ್ಷಣ ಹಕ್ಕಾಗಬೇಕು, ಸೈಕಲ್ಲು ಮತ್ತೆ ಬರಬೇಕು, ಹತ್ತಿ ಕಾಲದಲ್ಲಿ ಗುಳೆ ಹೋಗುವವರ ಮಕ್ಕಳಿಗೆ ಹಾಸ್ಟೆಲ್ ಬಾಗಿಲು ತೆರೆಯಬೇಕು. ಅದೆಲ್ಲ ನಮ್ಮ ಕೈಯಲ್ಲಿಲ್ಲ. ಲೆಕ್ಕ ಕೇಳುವುದು ಮಾತ್ರ ನಮ್ಮ ಕೈಯಲ್ಲಿದೆ. ಲೆಕ್ಕಕ್ಕೇ ಸಿಗದ ಮಗುವನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ.

ಹಾಗಾಗಿ ನಾವು ಕೆಲವರು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಡೆಸ್ಕು ಕೇಳಲಿ ಬಿಡಲಿ, ಮುಂದಿನ ಫಲಿತಾಂಶದ ಪತ್ರಿಕಾಗೋಷ್ಠಿಯಲ್ಲಿ 'ನಮ್ಮ ಜಿಲ್ಲೆಗೆ ಎಷ್ಟನೇ ಸ್ಥಾನ' ಎನ್ನುವ ಮೊದಲು 'ಎಂಟಕ್ಕೆ ಸೇರಿದ್ದವರು ಎಷ್ಟು' ಎಂದು ಕೇಳುತ್ತೇವೆ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯುತ್ತೇವೆ. ಗಾಡಿ ಪಲ್ಟಿಯಾದ ಸುದ್ದಿಯಲ್ಲಿ 18ರೊಳಗಿನ ಹೆಸರು ಕಂಡರೆ, ಯಾವ ಶಾಲೆ, ಎಷ್ಟನೇ ಕ್ಲಾಸು ಎಂದು ಕೇಳಿ, ಹೆಸರು ಬಿಟ್ಟು ಕ್ಲಾಸು ಬರೆಯುತ್ತೇವೆ. ಬೇರೆ ಜಿಲ್ಲೆಗಳ ಗೆಳೆಯರೂ ಇದನ್ನು ಮಾಡಬಹುದು. ಸುದ್ದಿಗೆ ಇಷ್ಟು ಎಂದು ಕೊಡುವ ದುಡ್ಡು ಇದಕ್ಕೇನೂ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಮೇ 2ರ ಸಂಜೆ ಆ ಹೈಸ್ಕೂಲಿನ ಹೆಡ್‌ಮಾಸ್ಟರಿಗೂ ಫೋನು ಮಾಡಿ ಅಂಕಿ ತೆಗೆದುಕೊಂಡೆವು. ಇಷ್ಟು ಮಂದಿ ಪಾಸು, ಇಷ್ಟು ಮಂದಿ ಫೇಲು. ಫೇಲಾದವರಿಗೆ ಪರೀಕ್ಷೆ-2 ಇದೆ, ಪರೀಕ್ಷೆ-3 ಇದೆ, ಧೈರ್ಯ ಹೇಳುವ ಹೆಲ್ಪ್‌ಲೈನ್ ಇದೆ. ಬರೆದುಕೊಳ್ಳುವಾಗ ಕೈ ಮುರಿದುಕೊಂಡ ಆ ಹುಡುಗಿ ನೆನಪಾದಳು. ಅವಳ ಕ್ಲಾಸಿನ ಫಲಿತಾಂಶ ಅದು. ಅವಳು ಫೇಲು ಕೂಡ ಆಗಿರಲಿಲ್ಲ.